ಆಂಜಿನಪ್ಪನವರ ತಾರಸಿ ಮೇಲೊಂದು ಜ್ವಾಲಾಮುಖಿ

ಡಿಸೆಂಬರ್ ೩, ಬುಧವಾರ

ನನ್ನ ಪಾಲಿಗೆ ಜ್ವಾಲಾಮುಖಿ ಬಂದಿದೆ.

ಬಾಟನಿ ಕ್ಲಾಸಿನಲ್ಲಿ ಆಶಾರಾಣಿ ಮೇಡಂ ಎಲ್ಲರಿಂದ ಚೀಟಿ ಎತ್ತಿಸಿದರು. ಪಕ್ಕದ ಬೆಂಚಿನ ಮುರಳಿಗೆ ಬ್ರೆಡ್ಡಿನ ಮೇಲಿನ ಬೂಷ್ಟು ಸಿಕ್ಕಿತು. ಒಂದು ಚೂರು ಬ್ರೆಡ್ಡು ಒದ್ದೆ ಮಾಡಿ ಮರೆತುಬಿಟ್ಟರೆ ಸಾಕು, ಅವನ ಪ್ರಾಜೆಕ್ಟು ತಾನೇ ಬೆಳೆಯುತ್ತದೆ. ನನ್ನ ಚೀಟಿಯಲ್ಲಿ: ಜ್ವಾಲಾಮುಖಿ ಸಿಡಿದ ಮೇಲೆ ಬಿಸಿಲು ಕಡಿಮೆಯಾದರೆ ಗಿಡಗಳಿಗೆ ಏನಾಗುತ್ತದೆ? ಹೋದ ವಾರ ಇಥಿಯೋಪಿಯಾದಲ್ಲಿ ಒಂದು ಸಿಡಿದು, ಬೂದಿ ದೆಹಲಿಯ ಆಕಾಶದವರೆಗೂ ತೇಲಿಬಂತಲ್ಲ, ಆ ಸುದ್ದಿ ನೋಡಿದ ಹುರುಪಿನಲ್ಲಿ ಮೇಡಂ ಬರೆದ ಚೀಟಿ ಇರಬೇಕು. ಜನವರಿ ೨೩ಕ್ಕೆ ಎಲ್ಲರೂ ಸ್ಟೇಜ್ ಹತ್ತಿ ತಮ್ಮ ತಮ್ಮದು ಹೇಳಬೇಕು. ಮನೆಯವರನ್ನೂ ಕರೆತರಬೇಕಂತೆ.

ಈ ಕಾಲೇಜಿಗೆ ಸೇರಿದಾಗಿನಿಂದ ಕ್ಲಾಸಿನಲ್ಲಿ ನಾನು ಆಡಿದ ಮಾತು ಒಂದೇ: ‘ಪ್ರೆಸೆಂಟ್ ಮೇಡಂ.’ ಅವರು ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಧ ತಿಳಿಯುತ್ತದೆ. ಉಳಿದರ್ಧಕ್ಕೆ ತಲೆಯಾಡಿಸುತ್ತೇನೆ.

ಸಂಜೆ ಕಲಬುರಗಿಯಿಂದ ವಾರ್ಡನ್ ಮೇಡಂ ಫೋನು. ಆರನೇ ಕ್ಲಾಸಿನಿಂದ ಪಿಯುಸಿವರೆಗೆ ನಾನು ಅವರ ಹಾಸ್ಟೆಲಿನ ಹುಡುಗಿ. ಈಗ ಅವರು ಕಾಲೇಜು ಹುಡುಗಿಯರ ಹಾಸ್ಟೆಲಿಗೆ ಹೋಗಿದ್ದಾರೆ. ಈ ಸೆಮಿಸ್ಟರ್ ಮುಗಿದ ಮೇಲೆ ನಾನು ಅಲ್ಲಿಗೆ ಬದಲಾಯಿಸಿಕೊಳ್ಳಬಹುದಂತೆ, ಒಂದು ಸೀಟು ಹಿಡಿದಿಟ್ಟಿರುತ್ತಾರಂತೆ. ಜನವರಿ ಮುಗಿಯುವುದರೊಳಗೆ ಹೇಳಬೇಕು. ನನಗೆ ನಾನೇ ಒಂದು ಷರತ್ತು ಹಾಕಿಕೊಂಡಿದ್ದೇನೆ: ೨೩ಕ್ಕೆ ಸ್ಟೇಜಿನ ಮೇಲೆ ಬಾಯಿ ಬಂದರೆ ಬೆಂಗಳೂರು, ಬರದಿದ್ದರೆ ಕಲಬುರಗಿ. ಅಪ್ಪ ಅವ್ವನಿಗೆ ಹೇಳಿಲ್ಲ.

ಬೆಂಗಳೂರಿನ ಅಂಚಿನ ಹೆಬ್ಬಗೋಡಿಯ ಈ ಬಾಡಿಗೆ ರೂಮು ಅವರದು. ಅಪ್ಪ ಅಪಾರ್ಟ್‌ಮೆಂಟ್ ಕಟ್ಟುವ ಕಡೆ ಕಬ್ಬಿಣದ ಸರಳು ಹೆಣೆಯುತ್ತಾನೆ. ಅವ್ವ ಎಲೆಕ್ಟ್ರಾನಿಕ್ ಸಿಟಿಯ ಒಂದು ಕ್ಯಾಂಪಸ್ಸಿನಲ್ಲಿ ಹೌಸ್‌ಕೀಪಿಂಗ್, ಸೆಕೆಂಡ್ ಶಿಫ್ಟು. ಇಷ್ಟು ವರ್ಷ ರಜೆಯಲ್ಲಿ ಮಾತ್ರ ನೋಡಿದವರ ಜೊತೆ ದಿನವೂ ಇರುವುದು ಹೇಗೆಂದು ನನಗೆ ಬರುವುದಿಲ್ಲ. ನಿನ್ನೆ ‘ಅವ್ವ, ಲೈಟ್ ಹಾಕಲಾ?’ ಎಂದು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ನನ್ನನ್ನೇ ನೋಡಿದಳು. ‘ಅದಕ್ಕೂ ಕೇಳ್ತಾರೇನ ಯವ್ವಾ?’

ಹಾಸ್ಟೆಲಿನಲ್ಲಿ ಕೇಳಬೇಕಿತ್ತು.

ಡಿಸೆಂಬರ್ ೭, ಭಾನುವಾರ

ಗಂಧಕ. ಬೂದಿಯಲ್ಲ, ಗಂಧಕ. ಲೈಬ್ರರಿಯ ಪುಸ್ತಕವನ್ನು ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಮೂರು ಸಲ ಓದಿದ ಮೇಲೆ ತಿಳಿಯಿತು. ಬೂದಿ ಬೇಗ ಕೆಳಗೆ ಬೀಳುತ್ತದೆ. ದೊಡ್ಡ ಜ್ವಾಲಾಮುಖಿಯಾದರೆ ಗಂಧಕದ ಅನಿಲ ಮೋಡಗಳಿಗಿಂತ ಮೇಲೆ ಹೋಗಿ ಸಣ್ಣ ಸಣ್ಣ ಹನಿಗಳಾಗುತ್ತದೆ. ಅಲ್ಲಿ ಮಳೆ ಇಲ್ಲ, ಆದ್ದರಿಂದ ತೊಳೆದುಹೋಗುವುದಿಲ್ಲ. ಒಂದೆರಡು ವರ್ಷ ಭೂಮಿಯ ಸುತ್ತ ತೆಳ್ಳಗಿನ ಪರದೆ ಕಟ್ಟಿದ ಹಾಗೆ. ನೇರ ಬಿಸಿಲು ತಗ್ಗುತ್ತದೆ, ಚದುರಿದ ಬೆಳಕು ಹೆಚ್ಚುತ್ತದೆ, ಚಳಿಯೂ ಹೆಚ್ಚುತ್ತದೆ.

ಇದನ್ನು ಹೆಬ್ಬಗೋಡಿಯಲ್ಲಿ ಮಾಡಿ ತೋರಿಸುವುದು ಹೇಗೆ? ಅಪ್ಪನಿಗೆ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ‘ಏನ ಓದ್ಲಾಕತ್ತೀದಿ?’ ಎಂದು ಕೇಳಿದ.

‘ಪ್ರಾಜೆಕ್ಟ್ ಅಪ್ಪ.’

‘ಪ್ರಾಜೆಕ್ಟಾ? ಎಷ್ಟು ಮಾಳಿಗಿದು?’

ಅಪ್ಪನಿಗೆ ಪ್ರಾಜೆಕ್ಟೆಂದರೆ ಬಿಲ್ಡಿಂಗು. ನಗು ಬಂತು, ಅವನಿಗೂ ಬಂತು. ಆಮೇಲೆ ಎದ್ದು ಹೋದವನು ತನ್ನ ಸೈಟಿನಿಂದ ಖಾಲಿ ಪೇಂಟ್ ಬಕೆಟ್ ಮೂರು, ಬಿಲ್ಡಿಂಗಿಗೆ ಹೊದಿಸುವ ಹಸಿರು ಬಲೆಯ ತುಂಡು ಒಂದು ಹೊತ್ತು ತಂದ. ಮೂರರಲ್ಲೂ ಒಂದೇ ಮಣ್ಣು, ಒಂದೇ ಅಳತೆ ಮೆಂತ್ಯ. ಒಂದು ಬಕೆಟ್ ಬಯಲಲ್ಲಿ. ಒಂದಕ್ಕೆ ಹಸಿರು ಬಲೆ ಎರಡು ಮಡಿಕೆ, ಅದು ದಟ್ಟ ಕತ್ತಲ ಜ್ವಾಲಾಮುಖಿ. ಇನ್ನೊಂದಕ್ಕೆ ತೆಳು ಪರದೆ ಬೇಕಿತ್ತು. ಅಪ್ಪ ತನ್ನ ಹಳೇ ಬಿಳಿ ಧೋತರ ಹರಿದುಕೊಟ್ಟ.

ತಾರಸಿ ಓನರ್ ಆಂಜಿನಪ್ಪನವರದು. ಅವರ ಹೆಂಡತಿ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. ‘ಇದ್ಯಾಕಮ್ಮಿ ಸೊಪ್ಪಿಗೆ ಬುರ್ಕಾ ಆಕಿದ್ದೀಯ?’

‘ಎಕ್ಸ್‌ಪೆರಿಮೆಂಟ್ ಆಂಟಿ. ಬಿಸಿಲು ಬೀಳಬಾರದು.’

‘ಸಿವಸಿವಾ!’ ಎಂದು ಹೋದರು.

ಡಿಸೆಂಬರ್ ೧೨, ಶುಕ್ರವಾರ

ಮೂರರಲ್ಲೂ ಮೊಳಕೆ ಬಂದಿದೆ. ನನ್ನ ತಟ್ಟೆ ನಾನೇ ತೊಳೆದೆನೆಂದು ಅವ್ವನಿಗೆ ಬೇಜಾರು. ಯಾಕೋ ತಿಳಿಯಲಿಲ್ಲ.

ಡಿಸೆಂಬರ್ ೧೯, ಶುಕ್ರವಾರ

ನಂಬುವ ಹಾಗಿಲ್ಲ. ಬಲೆಯ ಕೆಳಗಿನ ಮೆಂತ್ಯವೇ ಎಲ್ಲಕ್ಕಿಂತ ಹಸಿರು! ಬಯಲಿನದು ಚೆನ್ನಾಗಿದೆ, ಧೋತರದ್ದು ಚೆನ್ನಾಗಿದೆ, ಕತ್ತಲೆಯದ್ದು ಮದುವೆಗೆ ಹೊರಟ ಹಾಗಿದೆ. ಎಲೆ ಅಗಲ, ಕಾಂಡ ದಪ್ಪ.

ಕಾಲೇಜಿನಲ್ಲಿ ಮುರಳಿಗೆ ಫೋಟೋ ತೋರಿಸಿಬಿಟ್ಟೆ. ತೋರಿಸಬಾರದಿತ್ತು. ‘ಗುರು, ಸಕ್ಕತ್ತಾಗಿದೆ! ಮೇಡಂ, ಇಲ್ಲಿ ನೋಡಿ, ಶಾಂಭವಿ ಜ್ವಾಲಾಮುಖೀಲಿ ಸೊಪ್ಪು ಬೆಳೀತಿದಾಳೆ!’ ಎಂದು ಇಡೀ ಕ್ಲಾಸಿಗೆ ಸಾರಿದ. ಮೇಡಂ ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದರು. ಕೆಲವು ಕಾಡುಗಳಲ್ಲಿ ಹೀಗಾದದ್ದುಂಟಂತೆ. ಬೆಳಕು ಚದುರಿದಾಗ ಕೆಳಗಿನ ಎಲೆಗಳಿಗೂ ಸಿಗುತ್ತದೆ, ಮರಗಳು ಸ್ವಲ್ಪ ಜಾಸ್ತಿಯೇ ಕೆಲಸ ಮಾಡುತ್ತವಂತೆ. ‘ಆದ್ರೆ ಅದು ತೆಳು ಪರದೇಲಿ. ಎರಡು ಮಡಿಕೆ ಬಲೇಲಿ ಹೀಗಾಗೋದು ವಿಚಿತ್ರ. ಇಂಟ್ರೆಸ್ಟಿಂಗ್! ನಿನ್ನನ್ನ ಮೊದಲು ಮಾತಾಡಿಸ್ತೀನಿ ಕಣಮ್ಮ, ಓಪನಿಂಗ್ ನೀನೇ.’

ಕ್ಯಾಂಟೀನಿನಲ್ಲಿ ನಾಲ್ಕು ಜನ ನನ್ನ ಟೇಬಲಿಗೆ ಬಂದು ಕೂತರು. ಒಬ್ಬಳಿಗೆ ನನ್ನ ಹೆಸರು ಗೊತ್ತಿತ್ತು.

ಡಿಸೆಂಬರ್ ೨೦, ಶನಿವಾರ

ಓಪನಿಂಗ್!!

ಡಿಸೆಂಬರ್ ೨೯, ಸೋಮವಾರ

ಕತ್ತಲ ಬಕೆಟ್ಟು ಇನ್ನೂ ಮೇಲೆ ಮೇಲೆ. ನಾನು ನನ್ನ ಇಂಗ್ಲಿಷ್ ಭಾಷಣ ಬಾಯಿಪಾಠ ಮಾಡುತ್ತಿದ್ದೇನೆ. ಅಪ್ಪ ಮೂಲೆಯಲ್ಲಿ ಕೂತು ಕೇಳುತ್ತಾನೆ. ಅವನಿಗೆ ಒಂದು ಪದವೂ ತಿಳಿಯುವುದಿಲ್ಲ, ಆದರೆ ನಾನು ಎಲ್ಲಿ ತಡವರಿಸುತ್ತೇನೆಂದು ಗೊತ್ತಾಗುತ್ತದೆ. ‘ಅಲ್ಲೇ ಕಾಲು ತೊಡರ್ತು ನೋಡು. ಅಲ್ಲಿಂದ ಮತ್ತ ಹೇಳು,’ ಎನ್ನುತ್ತಾನೆ.

ಬದನೆಕಾಯಿ ಎಂದರೆ ನನಗಾಗುವುದಿಲ್ಲ ಎಂದು ಅವ್ವನಿಗೆ ಈಗ ಗೊತ್ತಾಗಿದೆ. ಇಷ್ಟು ದಿನ ಸುಮ್ಮನೆ ತಿನ್ನುತ್ತಿದ್ದೆ, ಹಾಸ್ಟೆಲಿನಲ್ಲಿ ಇಷ್ಟ ಕಷ್ಟ ಕೇಳುವ ಪದ್ಧತಿ ಇರಲಿಲ್ಲ. ‘ಬಾಯಿ ಇಲ್ಲೇನ ನಿನಗ?’ ಎಂದು ಬೈದಳು. ಬೈಸಿಕೊಂಡು ಒಂಥರಾ ಹಗುರವಾಯಿತು. ನಾಳೆಯಿಂದ ಬೆಂಡೆ.

ಜನವರಿ ೫, ಸೋಮವಾರ

ಇವತ್ತಿನದನ್ನು ಹೇಗೆ ಬರೆಯಲಿ?

ಕಾಲೇಜಿನಲ್ಲಿ ನೀರಿನ ಪೈಪ್ ಒಡೆದು ಬೆಳಿಗ್ಗೆಯೇ ಎಲ್ಲರನ್ನೂ ಮನೆಗೆ ಕಳಿಸಿದರು. ಬಂದವಳು ನೇರ ತಾರಸಿಗೆ ಹೋದೆ, ಬಕೆಟ್ಟುಗಳ ಇನ್ನೊಂದು ಫೋಟೋ ಬೇಕಿತ್ತು. ಮೆಟ್ಟಿಲ ಮೇಲಿರುವಾಗಲೇ ಅವ್ವನ ದನಿ ಕೇಳಿತು.

‘ಬರ್ರಿ ಬರ್ರಿ, ಹೊರಗ ಬರ್ರಿ. ಆಕಿ ಹ್ವಾದಳು. ಇನ್ನ ಮಧ್ಯಾಹ್ನದ ತನಕ ನಿಮ್ಮದೇ ರಾಜ್ಯ.’

ಹಸಿರು ಬಲೆ ಮಡಿಸಿ ಪಕ್ಕಕ್ಕಿಟ್ಟಿದ್ದಳು. ಕತ್ತಲ ಬಕೆಟ್ಟನ್ನು ಒಳ್ಳೇ ಬಿಸಿಲಿಗೆ ಎಳೆದು, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದೊಂದು ಗಿಡದ ತಲೆ ಸವರುತ್ತಿದ್ದಳು.

‘ಅವ್ವಾ!’

ಕಳ್ಳಿ ಸಿಕ್ಕಿಬಿದ್ದ ಹಾಗೆ ಎದ್ದುನಿಂತಳು. ಆಮೇಲೆ ಅವಳಿಗೇ ಸಿಟ್ಟು ಬಂತು. ‘ಮತ್ತೇನ ಮಾಡ್ಲಿ? ಹಸರ ಜೀವ ಅದು. ಒಂದಕ್ಕ ಬಿಸಲು, ಒಂದಕ್ಕ ಕತ್ತಲಾ? ನೋಡಕೋತ ನಿಂದ್ರಾಕ ನನ್ನ ಕೈಲೆ ಆಗಲಿಲ್ಲ. ದಿನಾ ನೀ ಹೋದ ಮ್ಯಾಲ ತಗೀತಿನಿ, ಡ್ಯೂಟಿಗಿ ಹೋಗುಮುಂದ ಮುಚ್ತಿನಿ.’

‘ದಿನಾ?’

‘ಮೊಳಕಿ ಒಡದಾಗಿಂದ.’

ನಾನು ನೆಲದ ಮೇಲೆ ಕೂತುಬಿಟ್ಟೆ. ಅಷ್ಟರಲ್ಲಿ ಓನರ್ ಹೆಂಡತಿ ಲಕ್ಷ್ಮಮ್ಮ ಅವರೆಕಾಳಿನ ಮೊರ ಹಿಡಿದು ಬಂದರು. ಅವರ ಇನ್ನೊಂದು ಕೈಯಲ್ಲಿ ಚೊಂಬಿತ್ತು. ಬಿಸಿಲಿಗೆ ಬಂದಿದ್ದ ಕತ್ತಲ ಬಕೆಟ್ಟನ್ನೂ ಮಡಿಸಿದ ಬಲೆಯನ್ನೂ ನೋಡಿ ಬೆರಗಾದರು.

‘ಅಲ್ಲಾ, ಇವತ್ತು ಯಾರು ತೆಗ್ದೋರು? ನಾನಿನ್ನೂ ಬಂದೇ ಇಲ್ವಲ್ಲ!’

ಅವ್ವ ಅವರನ್ನು ನೋಡಿದಳು. ಅವರು ಅವ್ವನನ್ನು ನೋಡಿದರು. ನಾನು ಚೊಂಬು ನೋಡಿದೆ.

‘ಆಂಟಿ, ಅದರಲ್ಲೇನಿದೆ?’

‘ಏನಿಲ್ಲ ಮಗ. ಒಂಚೂರು ಸಗಣಿ ನೀರು. ನಮ್ಮ್ ಅಸುಂದೇಯ. ಇವತ್ತು ಕಾಳು ಒಣಾಕಕ್ಕೆ ಬೇಗ ಬಂದೆ, ಅಂಗೇ ಇದ್ನೂ ತಂದೆ. ನಿಮ್ಮವ್ವ ಡೂಟಿಗೋದ್ಮೇಲೆ ಬಂದು, ಬಲೆ ತೆಗ್ದು, ಇಷ್ಟು ಉಯ್ದು, ನೀನ್ ಬರೋ ಒತ್ಗೆ ಮುಚ್ಚಾಕಿ ಓಯ್ತಿದ್ದೆ. ಪಾಪ ಬಿಸ್ಲೇ ಕಾಣ್ದಿರೋ ಮುಂಡೇವು ಅಂತ.’

‘ಉಳಿದ ಎರಡಕ್ಕೆ?’

‘ಅವ್ಕೇನಾಗೈತೆ? ಆರಾಮಾಗವೆ.’

‘ನಾನೂ ಹಂಗೇ ಅನಕೊಂಡೆ ಲಕ್ಷ್ಮಕ್ಕಾ!’ ಎಂದಳು ಅವ್ವ. ‘ಆ ಧೋತರದ್ದು ಅಂತೂ ಇವರಪ್ಪನ ಹೊದ್ದಕೊಂಡು ಆರಾಮ ಅದ.’

ಇಬ್ಬರೂ ಬಿದ್ದು ಬಿದ್ದು ನಕ್ಕರು. ಲಕ್ಷ್ಮಮ್ಮನ ಮೊರದಿಂದ ಅವರೆಕಾಳು ಉರುಳಿ ಹೋದವು. ನನ್ನ ಜ್ವಾಲಾಮುಖಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಪೂರ್ತಿ ಬಿಸಿಲು, ಮೇಲೊಂದು ಚೊಂಬು ಗೊಬ್ಬರ. ಕಾಲೇಜಿನಲ್ಲಿ ಓಪನಿಂಗ್.

ಅವರು ನಕ್ಕಷ್ಟೂ ನನಗೆ ಅಳು ಬಂತು. ಅವ್ವ ನಗು ನಿಲ್ಲಿಸಿ ಪಕ್ಕದಲ್ಲಿ ಕೂತಳು. ‘ತಪ್ಪಾತೇನ?’

‘ಹೂಂ ಅವ್ವ. ಎಲ್ಲಾ ಸುಳ್ಳಾಯಿತು. ಮೇಡಂಗೆ ಹೇಳಿಯಾಗಿದೆ.’

ಅವ್ವ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ‘ನಿನ್ನ ಅಷ್ಟು ಸಣ್ಣಾಕಿನ್ನ ಹಾಸ್ಟೆಲಿಗಿ ಬಿಟ್ಟು ಬಂದಾಗ ಏನೂ ಮಾಡಾಕ ಆಗಲಿಲ್ಲ ನನಗ. ಇದು ಬಕೀಟು. ಕೈಗಿ ಸಿಗ್ತದ.’

ಉರುಳಿದ ಅವರೆಕಾಳು ಆರಿಸತೊಡಗಿದೆ. ಮೂವರೂ ಆರಿಸಿದೆವು.

ಜನವರಿ ೬, ಮಂಗಳವಾರ

ಬೆಳಿಗ್ಗೆ ಬಸ್ಸಿನಲ್ಲಿ ಎರಡು ಯೋಚನೆ ಮಾಡಿದೆ. ಒಂದು, ಯಾರಿಗೂ ಹೇಳದೆ ಇದ್ದುಬಿಡುವುದು. ಫೋಟೋ ನಿಜ, ಗಿಡ ನಿಜ, ಯಾರು ಕೇಳುತ್ತಾರೆ? ಇನ್ನೊಂದು, ನಡುದಾರಿಯ ಚಂದಾಪುರದಲ್ಲಿ ಇಳಿದು ವಾರ್ಡನ್ ಮೇಡಂಗೆ ಫೋನ್ ಮಾಡಿ ‘ಬರುತ್ತೇನೆ’ ಅನ್ನುವುದು. ಚಂದಾಪುರ ಬಂತು, ಬಸ್ಸು ರಷ್ಷಿತ್ತು, ಇಳಿಯಲಾಗಲಿಲ್ಲ. ಅಥವಾ ಇಳಿಯಲಿಲ್ಲ.

ಸ್ಟಾಫ್ ರೂಮಿಗೆ ಹೋಗಿ ಆಶಾರಾಣಿ ಮೇಡಂ ಮುಂದೆ ನಿಂತೆ. ಬಾಯಿಪಾಠದ ಇಂಗ್ಲಿಷಿನಲ್ಲಿ ಇದಕ್ಕೆ ವಾಕ್ಯವೇ ಇರಲಿಲ್ಲ. ‘ಮೇಡಂ, ನಮ್ಮವ್ವ ಬಲೆ ತೆಗೀತಿದ್ದಳು’ ಎಂದು ಶುರುಮಾಡಿದ್ದು, ಚೊಂಬಿನವರೆಗೆ ಬಂತು. ಮೇಡಂ ಮೊದಲು ಕನ್ನಡಕ ತೆಗೆದರು. ಆಮೇಲೆ ಟೇಬಲಿನ ಮೇಲೆ ತಲೆಯಿಟ್ಟು ನಕ್ಕರು. ಪಕ್ಕದ ಟೇಬಲಿನ ಕೆಮಿಸ್ಟ್ರಿ ಸಾರ್ ‘ಏನಾಯ್ತು ಮೇಡಂ?’ ಎಂದು ಕೇಳಿದರೆ, ‘ನೀನೇ ಇನ್ನೊಂದ್ಸಲ ಹೇಳಮ್ಮ’ ಎಂದರು. ಇನ್ನೊಂದು ಸಲ ಹೇಳಿದೆ. ಎರಡನೇ ಸಲ ಲಕ್ಷ್ಮಮ್ಮನ ದನಿಯಲ್ಲೇ ಹೇಳಿದೆ ಅನ್ನಿಸುತ್ತದೆ.

‘ಇನ್ನೂ ಟೈಮಿದೆ,’ ಎಂದರು ಮೇಡಂ. ‘ಮೆಂತ್ಯ ತಾನೇ? ಇವತ್ತೇ ಬಿತ್ತು. ಈ ಸಲ ಅವರಿಬ್ಬರನ್ನೂ ಎಕ್ಸ್‌ಪೆರಿಮೆಂಟಿಗೆ ಸೇರಿಸ್ಕೊ.’

ಬಂದು ಬಿತ್ತಿದೆ. ಅವ್ವ ಮತ್ತು ಲಕ್ಷ್ಮಮ್ಮನಿಂದ ಮುಟ್ಟುವುದಿಲ್ಲವೆಂದು ಮಾತು ತೆಗೆದುಕೊಂಡೆ. ಅಪ್ಪನಿಗೆ ಅವರ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ಬಲೆಯ ಅಂಚನ್ನು ಬಕೆಟ್ಟಿನ ಕಂಠಕ್ಕೆ ಸರಳು ಬಿಗಿಯುವ ತಂತಿಯಿಂದ ಸುತ್ತ ಬಿಗಿದ. ‘ಇನ್ನ ಯಾರರ ತಗೀಲಿ ನೋಡ್ತಿನಿ. ಹನ್ನೆರಡು ಮಾಳಿಗಿ ನಿಂತಾವ ಈ ಗಂಟಿನ ಮ್ಯಾಲ.’ ನೀರು ಮೇಲಿಂದ ಹಾಕಿದರೆ ಬಲೆಯಲ್ಲೇ ಇಳಿಯುತ್ತದೆ. ಅವ್ವನ ಮುಖ ನೋಡಿ ಪಾಪವೆನಿಸಿ ಮನೆಯ ಹಳೇ ಬಕೆಟ್ಟೊಂದನ್ನು ನಾಲ್ಕನೆಯದು ಮಾಡಿ, ಮೆಂತ್ಯ ಬಿತ್ತಿ ಅವಳ ಕೈಗೆ ಕೊಟ್ಟೆ. ಇದನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು, ಎಷ್ಟು ಬೇಕಾದರೂ ಮಾತಾಡಿಸಬಹುದು.

ಜನವರಿ ೧೦, ಶನಿವಾರ

ಲಕ್ಷ್ಮಮ್ಮ ಆಂಟಿ ಮತ್ತು ಅವ್ವನಿಗೆ ನಾಲ್ಕನೇ ಬಕೆಟ್ಟಿಗೆ ಜಗಳ. ಸಗಣಿ ನೀರು ಜಾಸ್ತಿಯಾಯಿತೆಂದು ಅವ್ವ, ಬಿಸಿಲು ಜಾಸ್ತಿಯಾಯಿತೆಂದು ಅವರು. ಬಲೆಯೊಳಗೆ ಮೊಳಕೆಗಳು ಉದ್ದುದ್ದ, ತೆಳ್ಳಗೆ, ಹಳದಿ. ಹೀಗೇ ಆಗಬೇಕು. ಆದರೂ ಒಂದು ಸಲ ನನ್ನ ಕೈಯೇ ತಂತಿಯ ಹತ್ತಿರ ಹೋಗಿತ್ತು.

ಜನವರಿ ೧೫, ಗುರುವಾರ

ಸಂಕ್ರಾಂತಿ. ಲಕ್ಷ್ಮಮ್ಮ ಆಂಟಿ ತಮ್ಮ ಹಸುವಿನ ಕೊಂಬಿಗೆ ಬಣ್ಣ ಬಳಿದು, ಅದೇ ಬ್ರಶ್ಶಿನಲ್ಲಿ ನನ್ನ ಬಕೆಟ್ಟುಗಳಿಗೂ ಬಳಿದರು. ಬೇಡವೆನ್ನುವಷ್ಟರಲ್ಲಿ ಬಯಲಿನದು ಕೆಂಪು, ಧೋತರದ್ದು ಹಳದಿ, ಕತ್ತಲೆಯದ್ದು ನೀಲಿ. ಗುರುತಿಗೆ ಒಳ್ಳೆಯದೇ ಆಯಿತು. ಮುರಳಿ ‘ನಿನ್ ಜ್ವಾಲಾಮುಖಿ ನೋಡ್ಬೇಕು’ ಎಂದು ಮನೆಗೆ ಬಂದಿದ್ದ. ಅವ್ವ ಅವನಿಗೆ ಎಳ್ಳು ಹೋಳಿಗೆ ಬಡಿಸಿದ್ದೇ ಬಡಿಸಿದ್ದು. ‘ಆಂಟಿ, ಸಾಕು ಆಂಟಿ, ನನ್ ಬೂಷ್ಟಿಗೆ ಜಾಗ ಇಲ್ಲ ಹೊಟ್ಟೇಲಿ’ ಎಂದರೂ ಬಿಡಲಿಲ್ಲ.

ಅವನಿಗೆ ಧೋತರದ ಕೆಳಗಿನ ನೆಲ ತೋರಿಸಿದೆ. ಬಯಲಿನ ಬಕೆಟ್ಟಿನಲ್ಲಿ ಪ್ರತಿ ಎಲೆಗೂ ಚಾಕುವಿನಲ್ಲಿ ಕೊರೆದ ಹಾಗೆ ನೆರಳು. ಧೋತರದ ಕೆಳಗೆ ನೆರಳಿಗೆ ಅಂಚೇ ಇಲ್ಲ, ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ. ಮೇಲಿನ ಎಲೆ ಕೆಳಗಿನದನ್ನು ಮುಚ್ಚುವುದಿಲ್ಲ. ಪುಸ್ತಕದಲ್ಲಿ ಓದಿದ್ದನ್ನು ಕಣ್ಣಲ್ಲಿ ನೋಡುತ್ತಿದ್ದೇನೆಂದು ಹೇಳುವಾಗ ನಾನು ಕುಣಿಯುತ್ತಿದ್ದೆನಂತೆ. ಮುರಳಿ ಹೇಳಿದ. ಸುಳ್ಳು.

ಜನವರಿ ೨೨, ಗುರುವಾರ

ನಾಳೆ. ಭಾಷಣದ ಮೊದಲ ಸಾಲು ಮಾತ್ರ ನೆನಪಿದೆ, ಉಳಿದದ್ದು ಹಾರಿಹೋಗಿದೆ. ಅವ್ವ ಡ್ಯೂಟಿಗೆ ಹೋಗುವ ಮೊದಲು ಬರುತ್ತಾಳೆ. ಅಪ್ಪ ರಜೆ ಹಾಕಿದ್ದಾನೆ. ಲಕ್ಷ್ಮಮ್ಮ ಆಂಟಿಯನ್ನು ಯಾರೂ ಕರೆಯಲಿಲ್ಲ, ಬರುತ್ತಾರೆ.

ಜನವರಿ ೨೩, ಶುಕ್ರವಾರ

ಆಟೋದಲ್ಲಿ ನಾಲ್ಕು ಜನ, ಮೂರು ಬಕೆಟ್ಟು. ಕತ್ತಲೆಯದ್ದನ್ನು ಅಪ್ಪ ತೊಡೆಯ ಮೇಲಿಟ್ಟುಕೊಂಡ.

ಓಪನಿಂಗ್ ನಾನೇ. ಮೈಕಿನ ಮುಂದೆ ನಿಂತು ‘ಗುಡ್ ಮಾರ್ನಿಂಗ್, ರೆಸ್ಪೆಕ್ಟೆಡ್ ಟೀಚರ್ಸ್’ ಎಂದೆ. ಎರಡನೇ ಸಾಲು ಬರಲಿಲ್ಲ. ಮತ್ತೆ ಗುಡ್ ಮಾರ್ನಿಂಗ್ ಎಂದೆ. ಹಿಂದಿನಿಂದ ಯಾರೋ ‘ಗುಡ್ ಮಾರ್ನಿಂಗ್’ ಎಂದು ಎಳೆದರು, ನಗು. ಫ್ಯಾನುಗಳ ಸದ್ದು ಕೇಳುತ್ತಿತ್ತು. ಕಲಬುರಗಿ, ಎಂದುಕೊಂಡೆ. ಆಯಿತು, ಕಲಬುರಗಿ.

ಮಾತಾಡುವ ಬದಲು ಬಲೆ ತೆಗೆದು ತೋರಿಸಿ ಇಳಿದುಬಿಡೋಣವೆಂದು ನೀಲಿ ಬಕೆಟ್ಟಿಗೆ ಕೈಹಾಕಿದೆ. ತಂತಿ ಬಿಚ್ಚಲಿಲ್ಲ. ಎಳೆದೆ, ತಿರುಚಿದೆ, ಬೆರಳು ಕೆಂಪಾಯಿತು. ಮೈಕಿಗೆ ಎಷ್ಟು ಹತ್ತಿರವಿದ್ದೇನೆಂದು ಮರೆತು ಕೂಗಿದೆ: ‘ಅಪ್ಪಾ, ಇದೇನ ಹಿಂಗ ಬಿಗದೀದಿ? ಬಿಚ್ಚಾಕ ಬರವಲ್ದು!’

ಇಡೀ ಹಾಲಿಗೆ ಕೇಳಿತು. ಅಪ್ಪ ಚಪ್ಪಲಿ ಕೆಳಗೆ ಬಿಟ್ಟು ಸ್ಟೇಜ್ ಹತ್ತಿ ಬಂದ, ಜೇಬಿನಿಂದ ಸರಳು ಬಿಗಿಯುವ ಕೊಕ್ಕೆ ತೆಗೆದ, ಒಂದೇ ತಿರುವಿಗೆ ಬಿಚ್ಚಿದ. ಚಪ್ಪಾಳೆ ಬಿತ್ತು! ಬಲೆ ಸರಿಸಿದರೆ, ಹಳದಿ ಬಡಕಲು ಗಿಡಗಳು ಒಂದರ ಮೇಲೊಂದು ಒರಗಿಕೊಂಡು ನಿಂತಿದ್ದವು.

‘ಅಯ್ಯ ನನ್ನ ಕೂಸುಗಳಾ!’ ಮೂರನೇ ಸಾಲಿನಿಂದ ಅವ್ವ. ಹೌಸ್‌ಕೀಪಿಂಗ್ ಯೂನಿಫಾರ್ಮಿನಲ್ಲಿ, ಕೊರಳಲ್ಲಿ ಐಡಿ ಕಾರ್ಡು, ಎದ್ದೇ ನಿಂತಿದ್ದಳು.

‘ಇವಳು ನಮ್ಮವ್ವ,’ ಎಂದೆ ಮೈಕಿನಲ್ಲಿ. ‘ನನ್ನ ಮೊದಲನೇ ಎಕ್ಸ್‌ಪೆರಿಮೆಂಟ್ ಹಾಳುಮಾಡಿದವಳು. ಅದನ್ನ ಮೊದಲು ಹೇಳ್ತೀನಿ.’

ಆಮೇಲೆ ಯಾವ ಭಾಷೆಯಲ್ಲಿ ಮಾತಾಡಿದೆನೆಂದು ಕೇಳಿದರೆ ಹೇಳಲಾರೆ. ಫೋಟೊಸಿಂಥೆಸಿಸ್ ಇಂಗ್ಲಿಷಿನಲ್ಲೇ ಬಂತು, ಚೊಂಬು ಲಕ್ಷ್ಮಮ್ಮ ಆಂಟಿಯ ಆನೇಕಲ್ ಕನ್ನಡದಲ್ಲಿ ಬಂತು, ಉಳಿದದ್ದು ನಮ್ಮ ಕಡೆಯ ಮಾತಲ್ಲಿ. ಬಿಸಿಲು ಸಾಲದ ಗಿಡ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ, ಇದ್ದ ಶಕ್ತಿಯನ್ನೆಲ್ಲ ಕಾಂಡಕ್ಕೆ ಸುರಿದು ಎಲೆಗೆ ಏನೂ ಉಳಿಸುವುದಿಲ್ಲ ಎಂದೆ. ಇಂಡೋನೇಷ್ಯಾದಲ್ಲಿ ೧೮೧೫ರಲ್ಲಿ ತಂಬೋರಾ ಸಿಡಿದ ಮರುವರ್ಷ ಯೂರೋಪಿಗೆ ಬೇಸಿಗೆಯೇ ಬರಲಿಲ್ಲ, ಪೈರು ಹೊಲದಲ್ಲೇ ಕೊಳೆಯಿತು ಎಂದೆ. ದೊಡ್ಡ ಜ್ವಾಲಾಮುಖಿಯ ವರ್ಷ ಚಳಿ ದೇಶದ ಮರಗಳೊಳಗಿನ ಉಂಗುರ ಸಣ್ಣದಾಗಿರುತ್ತದೆ, ಮರ ಕೊಯ್ದರೆ ಇವತ್ತಿಗೂ ಕಾಣುತ್ತದೆ ಎಂದೆ.

ಮುರಳಿ ಎದ್ದ. ‘ಹಾಗಾದ್ರೆ ಗುರು, ಜ್ವಾಲಾಮುಖಿ ಗಿಡಕ್ಕೆ ಒಳ್ಳೇದಾ, ಕೆಟ್ಟದ್ದಾ?’

‘ಯಾವ ಗಿಡ ಅಂತ ಕೇಳು,’ ಎಂದೆ. ‘ದಟ್ಟ ಕಾಡಿನ ಕೆಳಗಿನ ಎಲೆ ಆದ್ರೆ, ಪರದೆ ತೆಳ್ಳಗಿದ್ರೆ, ಸ್ವಲ್ಪ ದಿನ ಹಬ್ಬ. ಹೊಲದ ಬೆಳೆ ಆದ್ರೆ ಚಳಿ, ಕತ್ತಲು, ನಷ್ಟ. ಧೋತರ ಬೇರೆ, ಬಲೆ ಬೇರೆ. ಬಂದು ಮುಟ್ಟಿ ನೋಡು.’

ಬಂದರು. ಒಬ್ಬೊಬ್ಬರಾಗಿ ಸ್ಟೇಜಿಗೇ ಬಂದು ಮುಟ್ಟಿದರು. ಧೋತರದ ಕೆಳಗಿನದು ಬಯಲಿನಷ್ಟು ಗಟ್ಟಿಯಿಲ್ಲ, ಆದರೆ ಕೆಳಗಿನ ಎಲೆಯವರೆಗೂ ಹಸಿರು. ಲಕ್ಷ್ಮಮ್ಮ ಆಂಟಿ ಆಶಾರಾಣಿ ಮೇಡಂ ಪಕ್ಕಕ್ಕೆ ಹೋಗಿ, ‘ನಾಕ್ನೇ ಬಕೀಟು ಮನೇಲೈತೆ ಮೇಡಂ, ಎಲ್ಲಾದ್ಕಿಂತ ಚಂದಾಗೈತೆ, ಅದ್ನ ಯಾರೂ ಕೇಳೇ ಇಲ್ಲ,’ ಎಂದು ದೂರು ಕೊಟ್ಟರು.

‘ಮುಂದಿನ ಸಲ ಅದನ್ನೇ ಮೊದಲು ಇಡಿಸ್ತೀನಿ,’ ಎಂದರು ಮೇಡಂ.

ಅವ್ವನಿಗೆ ಡ್ಯೂಟಿಗೆ ತಡವಾಯಿತು. ಆಟೋ ಹತ್ತುವಾಗಲೂ ‘ಈಗರ ಬಿಸಲಿಗಿ ಇಡ್ತಿಯಿಲ್ಲ?’ ಎಂದು ಕೇಳಿದಳು. ಇಟ್ಟೆ.

ಜನವರಿ ೨೫, ಭಾನುವಾರ

ನೀಲಿ ಬಕೆಟ್ಟಿನ ಗಿಡಗಳು ಬಿಸಿಲು ಕಂಡು ಹಸಿರಾಗತೊಡಗಿವೆ. ಕಾಂಡ ಇನ್ನೂ ಬಾಗಿಯೇ ಇದೆ, ತುದಿಗಳು ಮಾತ್ರ ಮೇಲಕ್ಕೆ ತಿರುಗಿವೆ. ದಿನ ಎಷ್ಟು ಬೇಕಾಗುತ್ತದೆಂದು ನೋಡಬೇಕು. ಜ್ವಾಲಾಮುಖಿಯ ಪರದೆ ಇಳಿದ ಮೇಲೆ ಏನಾಗುತ್ತದೆನ್ನುವುದೇ ಬೇರೆ ಪ್ರಾಜೆಕ್ಟು, ಮೇಡಂಗೆ ನಾಳಿದ್ದು ಹೇಳುತ್ತೇನೆ. ನಾಳೆ ಹೇಗೂ ರಜೆ, ಹುರುಳಿ ಬಿತ್ತುವುದು. ಅಪ್ಪನ ಸೈಟಿನಲ್ಲಿ ಇನ್ನೂ ಆರು ಬಕೆಟ್ಟಿವೆಯಂತೆ. ಲಕ್ಷ್ಮಮ್ಮ ಆಂಟಿ ನೀರಿನ ಟ್ಯಾಂಕಿನ ಪಕ್ಕದ ಜಾಗವನ್ನೂ ಬಿಟ್ಟುಕೊಟ್ಟಿದ್ದಾರೆ.

ಕೆಂಪು, ಹಳದಿ, ನಾಲ್ಕನೆಯದು, ಮೂರರದ್ದೂ ಕಿತ್ತೆವು. ಬಸ್ಸಾರು ಮಾಡಬೇಕೆಂದು ಲಕ್ಷ್ಮಮ್ಮ ಆಂಟಿ, ಹಸಿದೇ ರೊಟ್ಟಿ ಜೊತೆ ತಿನ್ನಬೇಕೆಂದು ಅವ್ವ. ‘ಅಸೀ ಸೊಪ್ಪು ತಿನ್ನಕ್ಕೆ ನಾವೇನ್ ದನಾನಾ?’ ಎಂದು ಅವರು ಕೇಳಿದರೆ, ಅವ್ವ ರೊಟ್ಟಿಯ ಮೇಲೆ ಒಂದು ಹಿಡಿ ಮೆಂತ್ಯ, ಶೇಂಗಾ ಚಟ್ನಿ ಇಟ್ಟು ಅವರ ಬಾಯಿಗೇ ತುರುಕಿದಳು. ಆಂಟಿ ಅಗಿದರು, ಯೋಚಿಸಿದರು. ‘ಇನ್ನೊಂದ್ ಕೊಡು. ಗೊತ್ತಾಗ್ನಿಲ್ಲ.’

ಆ ಗದ್ದಲದಲ್ಲಿ ನನ್ನ ಫೋನು. ವಾರ್ಡನ್ ಮೇಡಂ. ‘ಯಾರ ಗಲಾಟೆ ಶಾಂಭವಿ ಅದು?’ ಎಂದರು.

‘ನಮ್ಮ ಮನೆ ಮಂದಿ ಮೇಡಂ.’

‘ಏನು ಯೋಚನೆ ಮಾಡಿದೆ? ಸೀಟು ಎಷ್ಟು ದಿನ ಹಿಡೀಲಿ?’

ನಾಳೆ ಹುರುಳಿ ಬಿತ್ತಬೇಕು ಮೇಡಂ, ಎಂದೆ. ನೀಲಿ ಬಕೆಟ್ಟನ್ನು ದಿನಾ ನೋಡಬೇಕು, ನಾನಿಲ್ಲದಿದ್ದರೆ ಇಲ್ಲಿ ಯಾರನ್ನೂ ನಂಬುವ ಹಾಗಿಲ್ಲ, ಸಗಣಿ ನೀರು ಹಾಕಿಬಿಡುತ್ತಾರೆ. ಸೀಟು ಬೇರೆ ಯಾರಿಗಾದರೂ ಕೊಟ್ಟುಬಿಡಿ. ಅವರಿಗೆ ಎಷ್ಟು ತಿಳಿಯಿತೋ. ‘ಜೋರಾಗಿ ಮಾತಾಡ್ತೀಯಲ್ಲೇ ಈಗ,’ ಎಂದು ನಗುತ್ತಾ ಇಟ್ಟರು. ನಾನು ಹಾಕಿಕೊಂಡಿದ್ದ ಷರತ್ತು ನೆನಪಾದದ್ದು ಆಮೇಲೆ.

‘ಯಾರು ಫೋನು?’ ಎಂದ ಅಪ್ಪ.

‘ಹಾಸ್ಟೆಲಿನವರು. ಕಲಬುರಗಿಯಾಗ ಸೀಟು ಅದ, ಬರ್ತಿಯೇನು ಅಂದ್ರು.’

ಒಲೆಯ ಮುಂದೆ ಅವ್ವನ ಬೆನ್ನು ಅಲುಗಾಡಲಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು.

‘ಬ್ಯಾಡ ಅಂದೆ,’ ಎಂದು ತಟ್ಟೆ ಮುಂದಕ್ಕೆ ಚಾಚಿದೆ. ‘ಅವ್ವ, ಇನ್ನೊಂದು ರೊಟ್ಟಿ ಹಾಕು.’

ಎರಡು ಹಾಕಿದಳು.